ಬಚ್ಚಲನ್ನೂ ಕಟ್ಟಿಕೊಂಡು ಪ್ರವಾಸ

ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಉತ್ತರ ತುದಿಯಲ್ಲಿ ತಾಕಕ ಎಂಬ ಪುಟ್ಟ ಊರಿದೆ. ಅದರ ಸಮೀಪದ ತೆ ವೈಕೊರೊಪುಪು ಬುಗ್ಗೆಗಳಲ್ಲಿ ಸೆಕೆಂಡಿಗೆ ಸುಮಾರು 14,000 ಲೀಟರ್ ನೀರು ನೆಲದೊಳಗಿನಿಂದ ಉಕ್ಕುತ್ತದೆ. ನೀರು ಎಷ್ಟು ತಿಳಿಯೆಂದರೆ, 1993ರಲ್ಲಿ ಅಳೆದಾಗ ಅದರೊಳಗೆ 63 ಮೀಟರ್ ದೂರದವರೆಗೆ ಕಣ್ಣು ಹಾಯುತ್ತಿತ್ತು. ದಂಡೆಯಲ್ಲಿ ನಿಂತವರಿಗೆ ಕೈಯದ್ದುವ ಆಸೆಯಾಗುವುದು ಸಹಜ. ಆದರೆ ಮುಟ್ಟುವಂತಿಲ್ಲ, ಕುಡಿಯುವಂತೆಯೂ ಇಲ್ಲ. ಮಾವೊರಿ ಜನರಿಗೆ ಇದು ಪವಿತ್ರ ಜಲ. ಜೊತೆಗೆ, 2004ರಲ್ಲಿ ಈ ದ್ವೀಪದ ನದಿಗಳಲ್ಲಿ ಕಾಣಿಸಿಕೊಂಡ ಡಿಡಿಮೊ ಎಂಬ ಪಾಚಿ ಇಲ್ಲಿಗೂ ಬಾರದಿರಲೆಂಬ ಎಚ್ಚರಿಕೆ.

ಇಂಥ ನಾಡನ್ನು ನೋಡಲು ಬರುವವರಲ್ಲಿ ಅನೇಕರು ಹೋಟೆಲು ಹುಡುಕುವುದಿಲ್ಲ. ಮೋಟಾರ್‌ಹೋಮ್ ಎಂಬ ಮನೆಗಾಡಿಯನ್ನು ಬಾಡಿಗೆಗೆ ಹಿಡಿಯುತ್ತಾರೆ. ಮಂಚ, ಒಲೆ, ಸಿಂಕು, ಶೌಚಾಲಯ ಎಲ್ಲವೂ ಅದರೊಳಗೇ. ನಮ್ಮಲ್ಲಿಯಂತೆ ರಸ್ತೆಯ ಎಡಬದಿಯಲ್ಲೇ ಚಾಲನೆ. ಸಂಜೆ ಅನುಮತಿ ಇರುವ ಜಾಗದಲ್ಲಿ ನಿಲ್ಲಿಸಿದರೆ ಅದೇ ಮನೆ. ಆದರೆ ಮನೆಯೆಂದ ಮೇಲೆ ಬಚ್ಚಲೂ ಬೇಕಲ್ಲ! ಪಾತ್ರೆ ತೊಳೆದ ಮುಸುರೆ ನೀರು, ಮೈ ತೊಳೆದ ಸೋಪಿನ ನೀರು ಎಲ್ಲಿಗೆ ಹೋಗಬೇಕು?

ನಮ್ಮ ಹಳ್ಳಿಮನೆಗಳಲ್ಲಿ ಇದಕ್ಕೆ ಉತ್ತರ ಸುಲಭ: ಹಿತ್ತಲ ಬಾಳೆಯ ಬುಡಕ್ಕೆ. ಒಂದು ಮನೆಯ ನೀರನ್ನು ಒಂದು ಹಿತ್ತಲಿನ ಮಣ್ಣು ಅರಗಿಸಿಕೊಳ್ಳುತ್ತದೆ. ಕೆರೆಯಂಚಿನ ಒಂದೇ ತಾಣದಲ್ಲಿ ದಿನಕ್ಕೊಂದಿಷ್ಟು ಹೊಸ ಗಾಡಿಗಳು ಬಂದು ಸುರಿದು ಹೋದರೆ ಮಣ್ಣಿಗೆ ಬಿಡುವೆಲ್ಲಿ? ಅಗುಳು, ಜಿಡ್ಡು ಕೊಳೆತು ನಾರುತ್ತವೆ. ನೊಣ, ಇಲಿಗಳನ್ನು ಕರೆಯುತ್ತವೆ. ನೀರಿಗಿಳಿದರೆ, ಅವನ್ನು ಕೊಳೆಸುವ ಸೂಕ್ಷ್ಮಾಣುಗಳು ಮೀನಿಗೆ ಬೇಕಾದ ಆಮ್ಲಜನಕವನ್ನು ಹೀರುತ್ತವೆ. ಕೊಳೆಯಲ್ಲಿರುವ ಸಾರಜನಕ, ರಂಜಕಗಳು ಪಾಚಿಗೆ ಗೊಬ್ಬರವಾಗುತ್ತವೆ. 'ಪರಿಸರಸ್ನೇಹಿ' ಎಂದು ಬರೆದುಕೊಂಡ ಸೋಪಿಗೂ ಕೊಳೆತು ಮಣ್ಣಾಗಲು ಕಾಲ ಬೇಕು. ಅದನ್ನು ಹೊಳೆಗೆ ಬಿಡಬಹುದೆಂದು ಅದರ ಅರ್ಥವಲ್ಲ.

ತಾಕಕ ಕಣಿವೆಯಲ್ಲಂತೂ ಮೇಲೆ ಸುರಿದದ್ದು ಮೇಲೆಯೇ ಉಳಿಯುವುದಿಲ್ಲ. ನೆಲದಡಿ ಇರುವುದು ಅಮೃತಶಿಲೆ. ಅದರ ಬಿರುಕು, ಗವಿಗಳಲ್ಲಿ ಇಳಿದ ನೀರೇ ವರ್ಷಗಳ ನಂತರ ಬುಗ್ಗೆಯಾಗಿ ಮೇಲೇಳುತ್ತದೆ. ಆ ನೀರಿನಲ್ಲಿ ನೈಟ್ರೇಟ್ ಹೆಚ್ಚೀತೆಂಬ ಆತಂಕದಿಂದ ಸ್ಥಳೀಯರು ವರ್ಷಗಟ್ಟಲೆ ಹೋರಾಡಿ, 2023ರಲ್ಲಿ ಜಲ ಸಂರಕ್ಷಣಾ ಆದೇಶ ಪಡೆದರು. ಆ ಆತಂಕಕ್ಕೆ ಮುಖ್ಯ ಕಾರಣ ಹೈನುಗಾರಿಕೆಯೇ ಹೊರತು ಪ್ರವಾಸಿಗನ ಬಕೆಟ್ಟಲ್ಲ ಎಂಬುದು ನಿಜ. ಆದರೆ ಊರಿನ ರೈತನಿಗೇ ಲೆಕ್ಕ ಕೇಳುವಲ್ಲಿ, ಎರಡು ದಿನದ ಅತಿಥಿ ತನ್ನ ಬಕೆಟ್ಟಿನ ಲೆಕ್ಕ ತಪ್ಪಿಸಿಕೊಳ್ಳುವುದು ನ್ಯಾಯವೇ?

ಆ ಲೆಕ್ಕವನ್ನು ಅಲ್ಲಿನ ಕಾನೂನು ಸ್ಪಷ್ಟವಾಗಿ ಹಾಕಿದೆ. ಬಯಲಿನಲ್ಲಿ ತಂಗುವವರಿಗಾಗಿ 2011ರಲ್ಲಿ ಬಂದ ಕಾಯಿದೆಯನ್ನು 2023ರಲ್ಲಿ ಬಿಗಿಗೊಳಿಸಲಾಯಿತು. 'ಸ್ವಾವಲಂಬಿ' ಎನ್ನಿಸಿಕೊಳ್ಳುವ ಗಾಡಿಯಲ್ಲಿ ಶೌಚಾಲಯ ಸ್ಥಿರವಾಗಿ ಕೂರಿಸಿರಬೇಕು. ಮುಚ್ಚಳವಿರುವ ಕಸದ ಡಬ್ಬಿ ಬೇಕು. ಶುದ್ಧ ನೀರು ತಲೆಗೆ ದಿನಕ್ಕೆ 4 ಲೀಟರಿನಂತೆ ಕನಿಷ್ಠ ಮೂರು ದಿನಕ್ಕಾಗುವಷ್ಟಿರಬೇಕು. ಬಳಸಿದ ನೀರನ್ನು ಹಿಡಿದಿಡುವ ಟ್ಯಾಂಕಿಗೂ ಇದೇ ಅಳತೆ. ನಾಲ್ವರ ಸಂಸಾರಕ್ಕೆ 48 ಲೀಟರ್ ತಿಳಿನೀರು, 48 ಲೀಟರ್ ಬಚ್ಚಲ ನೀರಿಗೆ ಜಾಗ. ಪರೀಕ್ಷೆಯಲ್ಲಿ ತೇರ್ಗಡೆಯಾದ ಗಾಡಿಗೆ ಹಸಿರು ಚೀಟಿ ಸಿಗುತ್ತದೆ.

ತುಂಬಿದ ಟ್ಯಾಂಕನ್ನು ಬರಿದು ಮಾಡಲು ಅನೇಕ ಊರುಗಳಲ್ಲಿ ಡಂಪ್ ಸ್ಟೇಷನ್‌ಗಳಿವೆ. ಅಲ್ಲಿ ಸುರಿದದ್ದು ಒಳಚರಂಡಿಗೋ ಶುದ್ಧೀಕರಣ ತೊಟ್ಟಿಗೋ ಹೋಗುತ್ತದೆ. ರಸ್ತೆಬದಿಯ ಮಳೆನೀರ ಚರಂಡಿ ಮಾತ್ರ ಇದಕ್ಕಲ್ಲ. ಅದು ನೇರವಾಗಿ ಹಳ್ಳ, ಸಮುದ್ರ ಸೇರುತ್ತದೆ. ಕೆಲಸದ ಕ್ರಮ ಹೀಗೆ: ಕೈಗವಸು ತೊಡಬೇಕು. ಮೊದಲು ಶೌಚದ ಡಬ್ಬಿಯನ್ನು ಬರಿದು ಮಾಡಿ ತೊಳೆಯಬೇಕು. ಆಮೇಲೆ ಬಚ್ಚಲ ನೀರಿನ ಟ್ಯಾಂಕಿಗೆ ಪೈಪು ಜೋಡಿಸಿ, ಅದರ ಇನ್ನೊಂದು ತುದಿಯನ್ನು ಗುಂಡಿಗಿಳಿಸಿ ತಿರುಪು ಬಿಚ್ಚಬೇಕು. ಕೊನೆಗೆ ಸುತ್ತಲೂ ನೀರು ಹಾಯಿಸಬೇಕು. ತೊಳೆಯುವ ನಲ್ಲಿ ಬೇರೆ, ಕುಡಿಯುವ ನೀರಿನ ನಲ್ಲಿ ಬೇರೆ. ಎರಡರ ಪೈಪನ್ನೂ ಅದಲುಬದಲು ಮಾಡುವಂತಿಲ್ಲ. ಮಾವೊರಿ ಮನೆಗಳಲ್ಲಿ ಅಡುಗೆಮನೆಯ ಬಟ್ಟೆಯನ್ನು ಮೈಬಟ್ಟೆಯ ಜೊತೆ ಒಗೆಯುವುದಿಲ್ಲ. ಮುಸುರೆಯ ಕಟ್ಟುಪಾಡು ಬಲ್ಲ ನಮ್ಮ ಅಜ್ಜಿಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಟ್ಯಾಂಕು ಬೇಗ ತುಂಬದಿರಲು ಅನುಭವಸ್ಥರು ತಟ್ಟೆಯನ್ನು ಮೊದಲು ಕಾಗದದಿಂದ ಒರೆಸುತ್ತಾರೆ, ಸಿಂಕಿಗೆ ಜಾಲರಿ ಹಾಕುತ್ತಾರೆ, ಸೋಪನ್ನು ಹನಿಲೆಕ್ಕದಲ್ಲಿ ಬಳಸುತ್ತಾರೆ. ಡೇರೆ ಹೊತ್ತು ನಡೆಯುವ ಚಾರಣಿಗರ ಬಳಿ ಟ್ಯಾಂಕು ಇರುವುದಿಲ್ಲ. ಅವರು ಹೊಳೆಯಿಂದ ಕನಿಷ್ಠ 60 ಮೀಟರ್ ಆಚೆ ಹೋಗಿ, ಅಗುಳು ಸೋಸಿ ತೆಗೆದು, ನೀರನ್ನು ಮಣ್ಣಿನ ಮೇಲೆ ಅಗಲವಾಗಿ ಚಿಮುಕಿಸಬೇಕು. ಸೋಸಿದ ಅಗುಳು ಕಸದ ಚೀಲ ಸೇರಬೇಕು.

ಇದನ್ನು ತಿಳಿಯಲು ನ್ಯೂಜಿಲೆಂಡಿಗೇ ಹೋಗಬೇಕಿಲ್ಲ. ಈ ರಜೆಯಲ್ಲಿ ಒಂದು ಭಾನುವಾರ ಮನೆಮಂದಿಯೆಲ್ಲ ಸೇರಿ ತಲೆಗೆ 4 ಲೀಟರಿನಂತೆ ನೀರು ಅಳೆದಿಡಿ. ಕುಡಿಯಲು, ಅಡುಗೆಗೆ, ಕೈಮುಖಕ್ಕೆ, ಪಾತ್ರೆಗೆ ಅಷ್ಟೇ. ಸಿಂಕಿನ ಕೆಳಗೆ ಒಂದು ಬಕೆಟ್ ಇಟ್ಟು ಬಳಸಿದ ನೀರನ್ನು ಹಿಡಿಯಿರಿ. ರಾತ್ರಿ ಆ ಬಕೆಟ್ಟನ್ನು ಹೊತ್ತೊಯ್ದು ಚೆಲ್ಲುವ ಕೆಲಸ ಮಕ್ಕಳದಾಗಲಿ. ಎಷ್ಟು ಭಾರವಿತ್ತೆಂದು ಅವರೇ ಹೇಳಲಿ.