ಅಮ್ಮ, ಟಚ್‌ಪ್ಯಾಡ್ ಮತ್ತು ಒಂದೇ ಬೆರಳು

ಈ ಸಲದ ಬರಹ ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಬಗ್ಗೆ. ಅದರಲ್ಲೂ ಪುಟವನ್ನು ಮೇಲೆ ಕೆಳಗೆ ಜಾರಿಸುವ ಸ್ಕ್ರೋಲಿಂಗ್ ಬಗ್ಗೆ. ಕತೆ, ಪ್ರವಾಸ, ಸಿನಿಮಾ ಏನಾದ್ರೂ ಇರಬಹುದು ಅಂತ ಬಂದವರು ಎದ್ದು ಹೋಗಬೇಡಿ, ಇದರಲ್ಲಿ ಅಮ್ಮನೂ ಇದ್ದಾಳೆ :)

ಸ್ಕ್ರೋಲ್ ಮಾಡೋದನ್ನ ನಾವ್ಯಾರೂ ಒಂದು ಕೆಲಸ ಅಂತ ಲೆಕ್ಕಕ್ಕೇ ಹಿಡಿಯೋದಿಲ್ಲ. ಕಣ್ಣು ಓದುತ್ತಾ ಹೋಗುತ್ತೆ, ಬೆರಳು ತಾನಾಗೇ ಜಾರುತ್ತಾ ಹೋಗುತ್ತೆ. ಆದ್ರೆ ಅದೊಂದು ಕೆಟ್ಟರೆ ಎಷ್ಟೇ ಉದ್ದದ ಬರಹ ಆದ್ರೂ ಪರದೆ ಎಷ್ಟು ಎತ್ತರವೋ ಅಷ್ಟೇ ಎತ್ತರ.

ನಾನು ಇಂಜಿನಿಯರಿಂಗ್ ಓದುವಾಗ ಇಟ್ಟುಕೊಂಡಿದ್ದ ಲ್ಯಾಪ್‌ಟಾಪ್ ಈಗ ಸಾಗರದ ಹತ್ತಿರದ ನಮ್ಮನೆಯಲ್ಲಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತಲ್ಲ, ಆಗ ಅದಕ್ಕೆ ಲಿನಕ್ಸ್ ಹಾಕಿ, ಅಕ್ಷರ ದೊಡ್ಡದು ಮಾಡಿ ಅಮ್ಮನಿಗೆ ಕೊಟ್ಟೆ. ಅಮ್ಮನಿಗೆ ಓದೋ ಹುಚ್ಚು. ಸಾಮಾನು ಕಟ್ಟಿ ತಂದ ಪೇಪರ್ ಚೂರನ್ನೂ ಬಿಡಿಸಿ ಓದಿ ಆಮೇಲೇ ಒಲೆಗೆ ಹಾಕುವ ಜಾತಿ. ಮಧ್ಯಾಹ್ನ ಊಟದ ಪಾತ್ರೆ ಎತ್ತಿಟ್ಟು ಮಂಚದ ಮೇಲೆ ಕೂತು, ದಿಂಬಿನ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡರೆ ಅವಳ ದಿನದ ಸುಖದ ಒಂದು ಗಂಟೆ ಶುರು.

ಕೆಲವು ವಾರ ಆದ್ಮೇಲೆ ಫೋನಿನಲ್ಲಿ ಒಂದು ವಿಚಿತ್ರ ಗಮನಕ್ಕೆ ಬಂತು. ಅಮ್ಮ ಯಾವುದೋ ಹೊಸ ಅಡುಗೆ ಓದಿದ್ದಾಳೆ. ಬೇಕಾಗುವ ಸಾಮಗ್ರಿ ಎಲ್ಲಾ ಗೊತ್ತು, ಮಾಡುವ ವಿಧಾನ ಗೊತ್ತಿಲ್ಲ! ಕತೆಯೊಂದನ್ನು ಓದಿದ್ದಾಳೆ. ಗಂಡ ಹೆಂಡತಿ ಜಗಳ ಆಡಿದ್ದು ಗೊತ್ತು, ರಾಜಿ ಆದ್ರಾ ಇಲ್ವಾ ಗೊತ್ತಿಲ್ಲ. "ಕೊನೆ ಏನಾಯ್ತು?" ಅಂದೆ.

"ಅದು ಕೆಳಗೆ ಹೋಗೋದೇ ಇಲ್ಲ ಮಾರಾಯ. ಕಂಡಷ್ಟು ಓದ್ತೀನಿ" ಅಂದಳು. ದೂರೂ ಅಲ್ಲ, ಬೇಜಾರೂ ಅಲ್ಲ. ಇವತ್ತು ಕರೆಂಟಿಲ್ಲ ಅನ್ನೋ ಹಾಗೆ.

ಮುಂದಿನ ಶನಿವಾರ ಊರಿಗೆ ಹೋಗಿ ನೋಡಿದರೆ ತೊಂದರೆ ಒಂದಲ್ಲ, ಎರಡು.

ಮೊದಲನೆಯದು ನಮ್ಮ ಜಾತಿಯವರಿಗೆ ಖುಷಿ ಕೊಡುವಂಥದ್ದು. ಲ್ಯಾಪ್‌ಟಾಪ್ ಹೊಸದಾಗಿ ಶುರು ಮಾಡಿದಾಗ ಎಲ್ಲಾ ಸರಿ. ಮುಚ್ಚಳ ಮುಚ್ಚಿ ತೆಗೆದರೆ ಬಾಣ ಓಡಾಡುತ್ತೆ, ಕ್ಲಿಕ್ ಆಗುತ್ತೆ, ಸ್ಕ್ರೋಲ್ ಮಾತ್ರ ಮಾಯ. ಅಮ್ಮ ಎಂದೂ ಶಟ್‌ಡೌನ್ ಮಾಡುವವಳಲ್ಲ, ಪುಸ್ತಕ ಮುಚ್ಚಿದ ಹಾಗೆ ಮುಚ್ಚಿಡ್ತಾಳೆ. ಟರ್ಮಿನಲ್ ತೆರೆದು ಸಾಧನಗಳ ಪಟ್ಟಿ ನೋಡಿದೆ. ಮುಚ್ಚುವ ಮುಂಚೆ "ಸಿನಾಪ್ಟಿಕ್ಸ್ ಟಚ್‌ಪ್ಯಾಡ್" ಅಂತಿದ್ದದ್ದು ಎದ್ದ ಮೇಲೆ "ಪಿಎಸ್/2 ಜೆನೆರಿಕ್ ಮೌಸ್" ಆಗಿ ಕೂತಿತ್ತು.

ಇದರ ಅರ್ಥ ಇಷ್ಟು. ಟಚ್‌ಪ್ಯಾಡಿನೊಳಗೆ ವಿದ್ಯುತ್ ತಂತುಗಳ ಒಂದು ಜಾಲ ಇರುತ್ತೆ. ಬೆರಳು ಹತ್ತಿರ ಬಂದಾಗ ಅಲ್ಲಿನ ಕೆಪಾಸಿಟೆನ್ಸ್ ಬದಲಾಗುತ್ತೆ, ಅದರಿಂದ ಬೆರಳು ಎಲ್ಲಿದೆ ಅಂತ ಗೊತ್ತಾಗುತ್ತೆ. ಡ್ರೈವರ್ ಸರಿಯಾಗಿ ಗುರುತು ಹಿಡಿದರೆ ಇಂಥ ಪ್ಯಾಡ್ 6 ಬೈಟುಗಳ ಕಂತೆಯಲ್ಲಿ ಬೆರಳಿನ ಜಾಗ, ಒತ್ತಡ ಎಲ್ಲಾ ಹೇಳುತ್ತೆ. ಗುರುತು ತಪ್ಪಿದರೆ ಹಳೇ ಕಾಲದ ಸಾದಾ ಮೌಸಿನ ವೇಷ ಹಾಕುತ್ತೆ. ಆ ಮೌಸಿನ ಭಾಷೆಯಲ್ಲಿ ಇರೋದು 3 ಬೈಟು: ಯಾವ ಗುಂಡಿ ಒತ್ತಿದೆ, ಅಡ್ಡಕ್ಕೆ ಎಷ್ಟು ಸರಿಯಿತು, ಉದ್ದಕ್ಕೆ ಎಷ್ಟು ಸರಿಯಿತು. ಅಲ್ಲಿ ಸ್ಕ್ರೋಲ್ ಅನ್ನೋ ಪದವೇ ಇಲ್ಲ! 1996ರಲ್ಲಿ ಮೈಕ್ರೋಸಾಫ್ಟ್‌ನ ಇಂಟೆಲಿಮೌಸ್ ಚಕ್ರ ಇಟ್ಕೊಂಡು ಬಂದಾಗ ಅದಕ್ಕಾಗಿ ನಾಲ್ಕನೇ ಬೈಟೊಂದನ್ನು ಸೇರಿಸಬೇಕಾಯ್ತು. ಬೆರಳು ಎಷ್ಟೇ ಉಜ್ಜಿದರೂ ಪ್ಯಾಡಿಗೆ ಅದನ್ನು ಹೇಳೋಕೆ ಬಾಯಿಲ್ಲ ಅಂದ್ರೆ ಏನು ಮಾಡೀತು, ಪಾಪ.

ಪರಿಹಾರ ಸುಲಭ. ಪಿಎಸ್‌ಮೌಸ್ ಅನ್ನೋ ಕರ್ನಲ್ ಮಾಡ್ಯೂಲನ್ನು ಇಳಿಸಿ ಮತ್ತೆ ಏರಿಸಿದರೆ ಅದು ಇನ್ನೊಮ್ಮೆ "ನೀನ್ಯಾರು?" ಅಂತ ಕೇಳುತ್ತೆ, ಈ ಸಲ ಪ್ಯಾಡು ಸರಿಯಾದ ಹೆಸರು ಹೇಳುತ್ತೆ. ಇದನ್ನು ಅಮ್ಮನ ಕೈಲಿ ಮಾಡಿಸೋಕಾಗಲ್ಲವಲ್ಲ. ಸಿಸ್ಟಂಡಿಯಲ್ಲಿ ಯಂತ್ರ ಮಲಗುವ ಮುಂಚೆ ಮತ್ತು ಎದ್ದ ಮೇಲೆ ತಾನಾಗೇ ಓಡುವ ಸ್ಕ್ರಿಪ್ಟ್‌ಗಳಿಗೆ ಅಂತಲೇ ಒಂದು ಫೋಲ್ಡರ್ ಇದೆ. ಎದ್ದ ಮೇಲೆ ಮಾಡ್ಯೂಲ್ ಇಳಿಸಿ ಏರಿಸು ಅಂತ ಕೆಲವೇ ಸಾಲು ಬರೆದು ಅದರಲ್ಲಿಟ್ಟೆ. ಹತ್ತು ಸಲ ಮುಚ್ಚಿ ತೆಗೆದೆ, ಹತ್ತು ಸಲವೂ ಸ್ಕ್ರೋಲ್ ಓಡಿತು.

ನನ್ನ ಬೆರಳಿಗೆ ಓಡಿತು. ಅಮ್ಮನ ಬೆರಳಿಗೆ ಓಡಲಿಲ್ಲ. ಅದೇ ಎರಡನೇ ತೊಂದರೆ.

ಅಮ್ಮನಿಗೆ ಕೆಲವು ವರ್ಷದಿಂದ ಸಂಧಿವಾತ. ಬಲಗೈಯ ತೋರುಬೆರಳು, ನಡುಬೆರಳು ಎರಡೂ ಗಂಟಿನಲ್ಲಿ ಊದಿ ಬೇರೆ ಬೇರೆ ಕಡೆ ವಾಲಿವೆ. ಎರಡನ್ನೂ ಒಟ್ಟಿಗೆ ಚಪ್ಪಟೆಯಾಗಿ ಇಡೋಕೆ ಆಗೋದಿಲ್ಲ. ಒಂದು ಪ್ಯಾಡನ್ನು ಮುಟ್ಟಿದರೆ ಇನ್ನೊಂದು ಗಾಳಿಯಲ್ಲಿ. ನಾನು ಪಕ್ಕದಲ್ಲಿ ಕೂತು ನೋಡ್ತಿದ್ದೆ. ಅವಳು ಎಡಗೈಯಿಂದ ಬಲಗೈಯ ನಡುಬೆರಳನ್ನು ಒತ್ತಿ ಹಿಡಿದು ಜಾರಿಸೋಕೆ ನೋಡಿದಳು, ಆಗಲಿಲ್ಲ. ಕೈ ತೆಗೆದು ಸೆರಗಿನೊಳಗೆ ಇಟ್ಕೊಂಡಳು. ಈ ಕೈಗಳು ಮೂವತ್ತು ವರ್ಷ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದಿವೆ.

ಮೌಸ್ ಕೊಡಬಹುದಿತ್ತಲ್ಲ ಅಂತೀರಿ. ಮಂಚದ ಮೇಲೆ, ದಿಂಬಿನ ಮೇಲೆ ಅದನ್ನೆಲ್ಲಿ ಉರುಳಿಸೋದು? ಕೆಳಗಿನ ಬಾಣದ ಕೀಲಿ ಪದೇ ಪದೇ ಒತ್ತಿದರೆ ಗಂಟು ನೋಯುತ್ತೆ. ಸ್ಪೇಸ್ ಬಾರ್ ಒತ್ತಿದರೆ ಇಡೀ ಪರದೆ ಒಂದೇ ಸಲಕ್ಕೆ ಹಾರಿ, ಓದ್ತಿದ್ದ ಸಾಲು ಎಲ್ಲಿ ಹೋಯ್ತು ಅಂತ ಹುಡುಕಬೇಕು.

ಆಗ ನೆನಪಾದದ್ದು ಎಡ್ಜ್ ಸ್ಕ್ರೋಲಿಂಗ್. ಹಳಬರಿಗೆ ಗೊತ್ತಿರುತ್ತೆ. ಮುಂಚೆ ಎಷ್ಟೋ ಟಚ್‌ಪ್ಯಾಡ್‌ಗಳ ಬಲ ಅಂಚಿನಲ್ಲಿ ಒಂದು ಗೆರೆ ಅಥವಾ ಚುಕ್ಕಿ ಇರ್ತಿತ್ತು, ಅಲ್ಲಿ ಒಂದೇ ಬೆರಳು ಎಳೆದರೆ ಪುಟ ಜಾರುತ್ತಿತ್ತು. 2005ರಲ್ಲಿ ಆಪಲ್‌ನ ಪವರ್‌ಬುಕ್‌ಗಳಿಗೆ ಎರಡು ಬೆರಳಿನ ಸ್ಕ್ರೋಲ್ ಬಂತು. ಆಮೇಲೆ ಎಲ್ಲ ಕಡೆ ಅದೇ ರೂಢಿ ಆಗಿ, ಅಂಚಿನ ಗೆರೆ ಅಳಿಸಿಹೋಯ್ತು. ಆದ್ರೆ ಕೋಡಿನಿಂದ ಅಳಿಸಿಲ್ಲ. ಇವತ್ತು ಲಿನಕ್ಸಿನಲ್ಲಿ ಟಚ್‌ಪ್ಯಾಡ್ ನೋಡಿಕೊಳ್ಳುವ ಲಿಬ್‌ಇನ್‌ಪುಟ್, ಎರಡು ಬೆರಳನ್ನು ಗುರುತಿಸಲಾಗದ ಪ್ಯಾಡ್ ಸಿಕ್ಕರೆ ತಾನಾಗೇ ಅಂಚಿನ ಸ್ಕ್ರೋಲಿಗೆ ಹೊರಳುತ್ತೆ. ಬೇಕು ಅಂದವರು ಬೇರೆ ಪ್ಯಾಡಿನಲ್ಲೂ ಆರಿಸಿಕೊಳ್ಳಬಹುದು. ಗ್ನೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಮೌಸ್ ಮತ್ತು ಟಚ್‌ಪ್ಯಾಡ್ ಅನ್ನೋ ಕಡೆ ಹೋದರೆ ಒಂದೇ ಕ್ಲಿಕ್ಕಿನ ಕೆಲಸ.

ಒಂದು ಕ್ಲಿಕ್ ಮಾಡಿದೆ. ಎಲ್ಲಿ ಎಳೀಬೇಕು ಅಂತ ತಿಳಿಯಲಿ ಅಂತ ಪ್ಯಾಡಿನ ಪಕ್ಕಕ್ಕೆ ಅಮ್ಮನೇ ತನ್ನದೊಂದು ಸ್ಟಿಕರ್ ಬೊಟ್ಟು ಅಂಟಿಸಿದಳು. ಇನ್ನು ದಿಕ್ಕಿನ ಪ್ರಶ್ನೆ. 2011ರಲ್ಲಿ ಆಪಲ್ ಮ್ಯಾಕ್ ಒಎಸ್ ಎಕ್ಸ್ ಲಯನ್‌ನಲ್ಲಿ "ನ್ಯಾಚುರಲ್ ಸ್ಕ್ರೋಲಿಂಗ್" ಅಂತ ತಂದಿತಲ್ಲ, ಬೆರಳು ಮೇಲೆ ತಳ್ಳಿದರೆ ಪುಟವೂ ಮೇಲೆ ಸರಿದು ಕೆಳಗಿನದ್ದು ಕಾಣೋದು, ಅದನ್ನು ತೋರಿಸಿದೆ. "ಕೆಳಗಿಂದು ಓದಬೇಕು ಅಂದ್ರೆ ಕೆಳಗೇ ಎಳೀಬೇಕಪ್ಪ" ಅಂದಳು. ಸರಿ, ಅದನ್ನ ಆರಿಸಿದೆ. ಯಾವುದು ನ್ಯಾಚುರಲ್ ಅಂತ ತೀರ್ಮಾನ ಮಾಡೋಕೆ ನಾನ್ಯಾರು!

ಉಂಗುರ ಬೆರಳೊಂದೇ ಅವಳಿಗೆ ನೆಟ್ಟಗಿರೋದು. ಅದನ್ನು ಬೊಟ್ಟಿನ ಪಕ್ಕ ಇಟ್ಟು ನಿಧಾನ ಕೆಳಗೆ ಎಳೆದಳು. ಪುಟ ಜಾರಿತು. ಇನ್ನೊಮ್ಮೆ ಎಳೆದಳು. ಆಮೇಲೆ ನನ್ನ ಜೊತೆ ಮಾತೇ ಇಲ್ಲ, ನಾನೇ ಎದ್ದು ಹೋಗಿ ಚಹಾ ಮಾಡ್ಕೊಂಡೆ. ಅರ್ಧ ಗಂಟೆ ಬಿಟ್ಟು ಒಳಗಿಂದ ಕೂಗಿದಳು: "ಅಯ್ಯೋ, ಆ ಗಂಡ ಹೆಂಡತಿ ಕತೆಯ ಕೊನೆ ಒಂದು ಚೂರೂ ಚೆನ್ನಾಗಿಲ್ಲ ಕಣೋ!"

ನಾನು ಎಂಟು ಗಂಟೆ ಕೂತು ಕೋಡ್ ಕುಟ್ಟುವವನು. ಯಾರೂ ಮುಟ್ಟದ ಹಳೇ ಆಯ್ಕೆಗಳನ್ನು ಕಿತ್ತು ಹಾಕೋಣ ಅನ್ನೋ ಮಾತು ನಮ್ಮ ಮೀಟಿಂಗುಗಳಲ್ಲಿ ಆಗಾಗ ಬರುತ್ತೆ. ಇನ್ಮೇಲೆ ಆ ಮಾತು ಬಂದಾಗ ನನಗೆ ಆ ಬೊಟ್ಟು ಕಾಣುತ್ತೆ. ಹಳೇ ಪ್ಯಾಡಿಗೂ ಇರಲಿ ಅಂತ ಯಾರೋ ಉಳಿಸಿಕೊಂಡ ದಾರಿ, ವಯಸ್ಸಾದ ಕೈಗೂ ದಾರಿ ಆಯ್ತು.

ಹಬ್ಬಕ್ಕೋ ರಜೆಗೋ ಊರಿಗೆ ಹೋದಾಗ ನೀವೂ ಒಂದು ಕೆಲಸ ಮಾಡಿ. ಮನೆಯವರ ಲ್ಯಾಪ್‌ಟಾಪನ್ನು ನೀವು ತಗೊಂಡು ಪರೀಕ್ಷೆ ಮಾಡಬೇಡಿ, ಅವರ ಕೈಗೇ ಕೊಟ್ಟು ಪಕ್ಕದಲ್ಲಿ ಸುಮ್ಮನೆ ಹತ್ತು ನಿಮಿಷ ಕೂತ್ಕೊಳ್ಳಿ. ಓದಿದ್ದರ ಕೊನೆ ಏನಾಯ್ತು ಅಂತಲೂ ಒಮ್ಮೆ ಕೇಳಿ ನೋಡಿ.