ಬಾಲ ಹೋದ ಹಲ್ಲಿ

ನಮ್ಮ ರೋಣದ ಜಂತಿ ಮನೆಯಲ್ಲಿ ಹಲ್ಲಿಗೆ ಯಾರೂ ಮನೆ ಕಟ್ಟಿಕೊಡುವುದಿಲ್ಲ, ಊಟವನ್ನೂ ಇಡುವುದಿಲ್ಲ. ಜಂತಿಯ ಸಂದಿಯೇ ಅದರ ಮನೆ. ಟ್ಯೂಬ್‌ಲೈಟಿಗೆ ಮುತ್ತುವ ಹುಳವೇ ಊಟ. ಲೊಚಗುಟ್ಟಿದರೆ ‘ಕೃಷ್ಣ ಕೃಷ್ಣ’ ಎನ್ನುತ್ತೇವೆ. ಹಾಲಿನ ಪಾತ್ರೆಯ ಬಳಿ ಬಂದರೆ ಕಸಬರಿಗೆ ಎತ್ತುತ್ತೇವೆ.

ಅಮೆರಿಕದ ಮಗಳ ಮನೆಗೆ ಹೋದಾಗ ಮೊಮ್ಮಗ ತಾನು ಸಾಕಿದ ‘ಕ್ರೆಸ್ಟೆಡ್ ಗೆಕ್ಕೊ’ ತೋರಿಸಿದ. ಕಣ್ಣ ಮೇಲೆ ರೆಪ್ಪೆಗೂದಲಿನಂಥ ಮುಳ್ಳಿನ ಸಾಲಿರುವ ಹಲ್ಲಿ! ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ಅದರ ತವರು. ಅಳಿದೇ ಹೋಯಿತೆಂದುಕೊಂಡಿದ್ದು 1994ರಲ್ಲಿ ಮತ್ತೆ ಸಿಕ್ಕಿತಂತೆ. ಗಿಡ ಹತ್ತುವ ಜೀವಿಯಾದ್ದರಿಂದ ಅಗಲಕ್ಕಿಂತ ಎತ್ತರ ಹೆಚ್ಚಿರುವ ಗಾಜಿನ ಪೆಟ್ಟಿಗೆ, ಒಳಗೆ ಟೊಂಗೆ, ಎಲೆ. ಸಂಜೆ ನೀರು ಚಿಮುಕಿಸಿದರೆ ಹನಿಗಳನ್ನು ನೆಕ್ಕುತ್ತದೆ. ಸೆಖೆ 28 ಡಿಗ್ರಿ ದಾಟಿದರೆ ಅದಕ್ಕೆ ಕುತ್ತು. ರೋಣದ ಬೇಸಿಗೆಯಲ್ಲಿ ಬದುಕೀತೆ? ಹಣ್ಣಿನ ಪುಡಿಯನ್ನು ಅಂಬಲಿಯ ಹದಕ್ಕೆ ಕಲಸಿ ರಾತ್ರಿ ಇಡಬೇಕು. ಆಗೀಗ ಕ್ಯಾಲ್ಸಿಯಂ ಪುಡಿ ಹಚ್ಚಿದ ಚಿಮ್ಮಂಡೆ.

ಒಂದು ದಿನ ಅವನಿಗೆ ನೆರವಾಗಲೆಂದು ಪೆಟ್ಟಿಗೆ ಒರೆಸುತ್ತಿದ್ದೆ. ಹಲ್ಲಿ ಹೊರಗೆ ಜಿಗಿಯಿತು. ಹಿಡಿಯಹೋದರೆ ಬಾಲ ನನ್ನ ಬೆರಳಲ್ಲೇ ಉಳಿದು ಮಿಸುಕಾಡಿತು.

“ಅಳಬ್ಯಾಡ, ಮತ್ತ ಬರತೈತಿ” ಎಂದೆ.

“ಇದಕ್ಕ ಬರಂಗಿಲ್ಲ ಅಜ್ಜಿ” ಎಂದು ಬಿಕ್ಕಿದ.

ನಿಜ. ಈ ಜಾತಿಗೆ ಕಳಚಿದ ಬಾಲ ಮತ್ತೆ ಬೆಳೆಯುವುದಿಲ್ಲ, ಬಾಲವಿಲ್ಲದೆಯೇ ಬದುಕುತ್ತದೆ. ಗಾಯ ಮಾಯುವವರೆಗೆ ಪೆಟ್ಟಿಗೆ ಚೊಕ್ಕಟವಾಗಿಟ್ಟು, ಅಂಬಲಿ ಕಲಸುವ ಕೆಲಸ ನಾನೇ ವಹಿಸಿಕೊಂಡೆ. ನಾಲ್ಕನೆಯ ರಾತ್ರಿ ಅದು ಬಂದು ನೆಕ್ಕಿತು. ಮೊಮ್ಮಗ ಮಾತಾಡದೆ ನನ್ನ ಮಗ್ಗುಲಿಗೆ ಬಂದು ಕುಳಿತ.

ಈಗ ಊರಲ್ಲಿ, ಗೋಡೆಯ ಹಲ್ಲಿಗೆ ಮೋಟು ಬಾಲ ಚಿಗುರುವುದನ್ನು ನೋಡುತ್ತೇನೆ. ಕಸಬರಿಗೆ ಎತ್ತಲು ಕೈ ಬರುವುದಿಲ್ಲ. ಹಾಲಿನ ಪಾತ್ರೆಗೆ ತಟ್ಟೆ ಮುಚ್ಚುತ್ತೇನೆ, ಅಷ್ಟೆ.