ಅಕ್ಕನ ಎರಡನೇ ಪ್ರಯತ್ನ

ನನ್ನ ಅಕ್ಕ ಸಿಸಿಎನ್‌ಎ ಪರೀಕ್ಷೆಯನ್ನು ಎರಡನೇ ಬಾರಿ ಬರೆಯಲು ತಯಾರಾಗುತ್ತಿದ್ದಾಳೆ. ಇದು ಸಿಸ್ಕೋ ಕಂಪನಿಯ ನೆಟ್‌ವರ್ಕಿಂಗ್ ಪರೀಕ್ಷೆ. ಸಮಯ 120 ನಿಮಿಷ. ಒಂದು ಪ್ರಶ್ನೆ ದಾಟಿದರೆ ಮತ್ತೆ ಹಿಂದೆ ಹೋಗುವಂತಿಲ್ಲ. ಫೇಲಾದವರು 5 ದಿನ ಕಳೆದ ಮೇಲೆ ಪುನಃ ಬರೆಯಬಹುದು, ಆದರೆ ಶುಲ್ಕವನ್ನು ಮತ್ತೆ ಕಟ್ಟಬೇಕು. ಆ ದುಡ್ಡಿಗಾಗಿ ಅಕ್ಕ ಮೂರು ತಿಂಗಳಿಂದ ಸಂಜೆ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದಾಳೆ.

ಯಾವ ವಿಭಾಗದಲ್ಲಿ ಶೇಕಡಾ ಎಷ್ಟು ಬಂದಿದೆ ಎಂದು ಫಲಿತಾಂಶದ ಹಾಳೆಯಲ್ಲಿರುತ್ತದೆ. ಅಕ್ಕ ಅದನ್ನು ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿದಳು. ಎಲ್ಲಕ್ಕಿಂತ ಕಡಿಮೆ ಬಂದ ವಿಭಾಗದಿಂದಲೇ ಓದು ಶುರು ಮಾಡಿದಳು.

ಅವಳಿಗೆ ಹೆಚ್ಚು ಕಷ್ಟವಾದದ್ದು ಸಬ್‌ನೆಟ್ಟಿಂಗ್. ರಾತ್ರಿ ಊಟವಾದ ಮೇಲೆ ನಾನು ಪ್ರಶ್ನೆ ಕೇಳುತ್ತೇನೆ.

"ಅಕ್ಕಾ, ಸ್ಲ್ಯಾಶ್ 26?"

"32ರಲ್ಲಿ 26 ಕಳೆದರೆ 6 ಬಿಟ್. ಒಟ್ಟು 64 ವಿಳಾಸ. ನೆಟ್‌ವರ್ಕಿಗೆ ಒಂದು, ಬ್ರಾಡ್‌ಕಾಸ್ಟಿಗೆ ಒಂದು ಬಿಟ್ಟರೆ 62."

ಮೊದಲೆಲ್ಲ ಇದಕ್ಕೆ ಕಾಗದ, ಪೆನ್ನು ಬೇಕಿತ್ತು. ಈಗ ಪಾತ್ರೆ ತೊಳೆಯುತ್ತಲೇ ಹೇಳುತ್ತಾಳೆ.

"ಎಲ್ಲ ಮೊದಲಿಂದ ಓದಬೇಕಲ್ಲ, ಬೇಜಾರಾಗಲ್ವಾ?" ಎಂದು ಒಮ್ಮೆ ಕೇಳಿದೆ.

"ಎಲ್ಲ ಯಾಕೆ? ನನಗೆ ಏನು ಬರಲ್ಲ ಅಂತ ಈಗ ಗೊತ್ತಿದೆಯಲ್ಲ" ಎಂದಳು.

ಪಿಯುಸಿ ಪರೀಕ್ಷೆ-2 ಬರೆಯಲಿರುವ ಗೆಳೆಯ ಗೆಳತಿಯರೇ, ನಿಮ್ಮ ಅಂಕಪಟ್ಟಿಯನ್ನೂ ಒಮ್ಮೆ ಹೀಗೆ ಓದಿ ನೋಡಿ.